ಬಾಲ್ಕನಿಯಲ್ಲಿ ಪಾರಿವಾಳ: ಬಲೆ ಹಾಕಿಸುವ ಮುನ್ನ ನಿಮ್ಮ ಅನುಭವ ತಿಳಿಸಿ

ಏಳನೇ ಮಹಡಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೆಂಗಳೂರಿನ ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ, ಏಳನೇ ಮಹಡಿ. ನಾಲ್ಕು ವರ್ಷದ ಹಿಂದೆ ಗೃಹಪ್ರವೇಶ ಮುಗಿಸಿ ಬಂದ ಹೊಸತರಲ್ಲಿ ಬಾಲ್ಕನಿಯ ಕಂಬಿಯ ಮೇಲೆ ಪಾರಿವಾಳದ ಜೋಡಿಯೊಂದು ಬಂದು ಕೂರುತ್ತಿತ್ತು. ನಮ್ಮ ಅತ್ತೆಯವರು ಅಕ್ಕಿ ಕೇರಿದಾಗ ಉಳಿದ ನುಚ್ಚನ್ನು ಅವಕ್ಕೆ ಹಾಕುತ್ತಿದ್ದರು. ನನಗೂ ಅದು ಚೆಂದವೇ ಅನ್ನಿಸುತ್ತಿತ್ತು.

ಈಗ ಆ ಜೋಡಿ ಎಷ್ಟಾಗಿದೆ ಎಂದು ಎಣಿಸಲು ಸಾಧ್ಯವಿಲ್ಲ. ಏಸಿಯ ಹೊರಗಿನ ಪೆಟ್ಟಿಗೆ ಇಟ್ಟಿರುವ ಸಜ್ಜದ ಮೇಲೆ ಹಿಕ್ಕೆ ಎರಡು ಬೆರಳು ದಪ್ಪಕ್ಕೆ ಗಟ್ಟಿಯಾಗಿ ಕೂತಿದೆ. ಒಗೆದ ಬಟ್ಟೆಯನ್ನು ಮನೆಯೊಳಗೇ ಒಣಗಿಸಬೇಕು. ಅಡುಗೆಮನೆಯ ಪಕ್ಕದ ಡಕ್ಟ್‌ನಲ್ಲಿ (ಪೈಪುಗಳು ಇಳಿಯುವ ಕಿರಿದಾದ ತೆರಪಿನಲ್ಲಿ) ಬೆಳಗಿನ ಐದು ಗಂಟೆಗೇ ಗುಟುರು ಶುರುವಾಗುತ್ತದೆ. ಇದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆವು. ಆದರೆ ಅತ್ತೆಯವರಿಗೆ ಐದು ತಿಂಗಳಿಂದ ಒಣಕೆಮ್ಮು. ಮೊದಲು ಧೂಳಿನ ಅಲರ್ಜಿ ಎಂದರು, ಆಮೇಲೆ ಆಸ್ತಮಾ ಇರಬಹುದು ಎಂದರು. ಹೋದ ತಿಂಗಳು ದೇವಸ್ಥಾನದ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಏದುಸಿರು ಬಂದು ಕುಳಿತುಬಿಟ್ಟರು. ಎದೆಯ ಸ್ಕ್ಯಾನ್ ನೋಡಿದ ವೈದ್ಯರು ಕೇಳಿದ ಮೊದಲ ಮಾತು, "ನಿಮ್ಮ ಮನೆಯ ಹತ್ತಿರ ಪಾರಿವಾಳಗಳಿವೆಯೇ?"

ಬಲೆ ಕಟ್ಟುವವರು ಶನಿವಾರ ಬರುತ್ತೇವೆ ಎಂದಿದ್ದಾರೆ. ನಿನ್ನೆ ಅಳತೆ ತೆಗೆಯಲು ಬಗ್ಗಿ ನೋಡಿದರೆ ಏಸಿ ಪೆಟ್ಟಿಗೆಯ ಹಿಂದೆ ಹತ್ತಾರು ಪೊರಕೆಕಡ್ಡಿ, ಒಂದು ತುಂಡು ತಂತಿ, ಅದರ ನಡುವೆ ಎರಡು ಬಿಳಿ ಮೊಟ್ಟೆ. ತಾಯಿ ಹಾರಿಹೋಗಲಿಲ್ಲ. ಕತ್ತು ಉಬ್ಬಿಸಿಕೊಂಡು, ಒಂದು ರೆಕ್ಕೆ ಎತ್ತಿ, ಕಿತ್ತಳೆ ಬಣ್ಣದ ಕಣ್ಣಿನಿಂದ ನನ್ನನ್ನೇ ದಿಟ್ಟಿಸುತ್ತಿತ್ತು. "ಅದನ್ನೆಲ್ಲ ನಾವು ತೆಗೆದು ಬಿಸಾಡುತ್ತೇವೆ, ನೀವು ಒಳಗೆ ಹೋಗಿ" ಎಂದು ಕೆಲಸದವರು ಹೇಳಿದರು. ನನಗೆ ಮನಸ್ಸಾಗುತ್ತಿಲ್ಲ. ಹಾಗೆಂದು ಅತ್ತೆಯವರ ಉಸಿರಿನ ಜೊತೆ ಆಟವಾಡಲೂ ಆಗುವುದಿಲ್ಲ.

ಇನ್ನೊಂದು ಸಂಗತಿ. ನಮ್ಮ ನೆತ್ತಿಯ ಮೇಲಿನ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ದಿನವೂ ಬೆಳಿಗ್ಗೆ ಎರಡು ಬೊಗಸೆ ಜೋಳವನ್ನು ಬಾಲ್ಕನಿಯಲ್ಲಿ ಹರಡುತ್ತಾರೆ. ಪತ್ನಿ ತೀರಿಕೊಂಡ ಮೇಲೆ ಶುರು ಮಾಡಿದ್ದು. ಅವರಿಗೆ ಹೇಗೆ ಹೇಳುವುದು?

ಹಕ್ಕಿ ನೋಡುವವಳು

ಮೊಟ್ಟೆಯ ಬಗ್ಗೆ ಹೇಳುತ್ತೇನೆ. ಪಾರಿವಾಳ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಸುಮಾರು ಹದಿನೆಂಟು ದಿನ ಕಾವು, ಮರಿ ಹಾರಲು ಮತ್ತೆ ನಾಲ್ಕರಿಂದ ಐದು ವಾರ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವಿಗೆ ಕೂರುತ್ತವೆ. ಮರಿಗೆ ಎರಡೂ ತಮ್ಮ ಕಂಠಚೀಲದಲ್ಲಿ ಊರುವ ಹಾಲಿನಂಥ ಗಂಜಿಯನ್ನೇ ಗುಟುಕು ಕೊಡುತ್ತವೆ. ಗುಬ್ಬಿಯ ಹಾಗೆ ಮರಿಗೆಂದು ಹುಳ ಹುಡುಕಬೇಕಾದ ಅಗತ್ಯವಿಲ್ಲ. ಕಾಳು ಸಿಕ್ಕರೆ ಸಾಕು, ವರ್ಷವಿಡೀ ಸಂತಾನ. ನಾವು ಹಾಕುವ ಒಂದು ಹಿಡಿ ಕಾಳು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಮರಿ ಇರುವಾಗಲೇ ಬಲೆ ಕಟ್ಟಿಬಿಟ್ಟರೆ ತಾಯಿ ಹೊರಗೆ, ಮರಿ ಒಳಗೆ. ಅಂಥದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಾಯಿ ಎರಡು ದಿನ ಬಲೆಗೆ ಬಡಿದುಕೊಂಡು ಮೂರನೇ ದಿನ ಬರುವುದನ್ನು ಬಿಟ್ಟಿತು. ಮರಿಯ ಸದ್ದು ನಿಂತದ್ದು ಐದನೇ ದಿನ. ದಯವಿಟ್ಟು ಹಾಗೆ ಮಾಡಿಸಬೇಡಿ. ಆರು ವಾರ ತಡೆಯಿರಿ, ಮರಿಗಳು ಹಾರಿದ ದಿನವೇ ಜಾಗ ತೊಳೆದು ಬಲೆ ಕಟ್ಟಿಸಿ. ಒಂದು ವಾರ ತಡಮಾಡಿದರೂ ಅದೇ ಜೋಡಿ ಮತ್ತೆ ಮೊಟ್ಟೆ ಇಟ್ಟಿರುತ್ತದೆ.

ಶ್ವಾಸಕೋಶದ ವೈದ್ಯೆ

ಹಕ್ಕಿ ನೋಡುವವರ ಕಳಕಳಿ ಅರ್ಥವಾಗುತ್ತದೆ. ಆದರೆ ರೋಗಿ ಅದೇ ಮನೆಯಲ್ಲಿದ್ದುಕೊಂಡು ಆರು ವಾರ ಕಾಯುವುದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಅತ್ತೆಯವರಿಗೆ ಹೇಳಿರುವುದು ಹೈಪರ್‌ಸೆನ್ಸಿಟಿವಿಟಿ ನ್ಯೂಮೊನೈಟಿಸ್ ಇರಬೇಕು. ಇದು ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಹಕ್ಕಿಯ ಹಿಕ್ಕೆಯಲ್ಲಿ, ಪುಕ್ಕದ ಮೇಲಿನ ಹಿಟ್ಟಿನಂಥ ಪುಡಿಯಲ್ಲಿ ಇರುವ ಪ್ರೋಟೀನುಗಳ ವಿರುದ್ಧ ನಮ್ಮದೇ ದೇಹದ ರಕ್ಷಣಾ ವ್ಯವಸ್ಥೆ ಕೆರಳಿ ಶ್ವಾಸಕೋಶ ಉರಿಯೂತಕ್ಕೆ ಒಳಗಾಗುತ್ತದೆ. ಪಾರಿವಾಳ ಕಿಟಕಿಯ ಗಾಜಿಗೆ ಬಡಿದು ಹೋದ ಮೇಲೆ ರೆಕ್ಕೆಯ ಅಚ್ಚು ಮೂಡಿರುತ್ತದಲ್ಲ, ಆ ಬಿಳಿ ಪುಡಿಯೇ ಇದು. ಪಾರಿವಾಳದ ಬಳಿ ಇರುವ ಎಲ್ಲರಿಗೂ ಬರುವುದಿಲ್ಲ, ಕೆಲವರಿಗೆ ಮಾತ್ರ. ಬಂದವರಿಗೆ ಮೊದಲ ಚಿಕಿತ್ಸೆ ಎಂದರೆ ಆ ಸಂಪರ್ಕ ಕಡಿದುಹಾಕುವುದು. ಸ್ಟೀರಾಯ್ಡ್ ಕೊಟ್ಟರೂ ಮನೆಗೆ ಹೋಗಿ ಅದೇ ಗಾಳಿ ಉಸಿರಾಡಿದರೆ ಫಲವಿಲ್ಲ. ಸಂಪರ್ಕ ಮುಂದುವರಿದು ಶ್ವಾಸಕೋಶದ ಅಂಗಾಂಶ ಗಾಯದ ಕಲೆಯ ಹಾಗೆ ಗಡುಸಾಗಿಬಿಟ್ಟರೆ ಆ ಭಾಗ ಮತ್ತೆ ಮೊದಲಿನಂತೆ ಆಗುವುದಿಲ್ಲ.

ಇದನ್ನು ಓದುತ್ತಿರುವ ಉಳಿದವರಿಗೂ ಒಂದು ಮಾತು. ವಾರಗಟ್ಟಲೆ ಬಿಡದ ಒಣಕೆಮ್ಮು, ನಡೆದರೆ ಏದುಸಿರು ಇದ್ದರೆ ವೈದ್ಯರ ಬಳಿ ಹೋದಾಗ ಮನೆಯ ಸುತ್ತ ಪಾರಿವಾಳ ಇರುವುದನ್ನು ನೀವಾಗಿಯೇ ಹೇಳಿ. ಅವರು ಕೇಳುತ್ತಾರೆಂದು ಕಾಯಬೇಡಿ.

ಹಕ್ಕಿ ನೋಡುವವಳು

ಡಾಕ್ಟರ್ ಹೇಳಿದ ಮೇಲೆ ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಅತ್ತೆಯವರು ಕೆಲವು ವಾರ ಬೇರೆ ಕಡೆ ಉಳಿಯಲು ಅನುಕೂಲವಿದೆಯೇ? ಮಗಳ ಮನೆ, ತಂಗಿಯ ಮನೆ? ಅದು ಸಾಧ್ಯವಾದರೆ ಎರಡೂ ಕಡೆ ನ್ಯಾಯ ಆಗುತ್ತದೆ. ಆಗದಿದ್ದರೆ ಮೊಟ್ಟೆ ತೆಗೆಯುವುದೇ ಸರಿ. ಅದನ್ನು ಇವತ್ತೇ ಮಾಡಿ, ಮರಿ ಒಡೆದ ಮೇಲಲ್ಲ.

ಬಲೆ ಕೆಲಸ, ಪೀಣ್ಯ

ನಾನು ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಎಲ್ಲರೂ ಚದರಡಿಗೆ ಎಷ್ಟು ಎಂದು ಕೇಳುತ್ತಾರೆ, ಹೇಗೆ ಕಟ್ಟುತ್ತೀರಿ ಎಂದು ಕೇಳುವವರು ಕಡಿಮೆ.

ಬಲೆಯ ಕಣ್ಣಿನ ಅಳತೆ 50 ಮಿಲಿಮೀಟರ್ ಮೀರಬಾರದು. ಅದಕ್ಕಿಂತ ದೊಡ್ಡದಾದರೆ ಪಾರಿವಾಳ ತಲೆ ತೂರಿಸುತ್ತದೆ. ಬಿಸಿಲಿಗೆ ಪುಡಿಯಾಗದ ನೈಲಾನ್ ಎಂದು ಕೇಳಿ ಪಡೆಯಿರಿ. ಅಗ್ಗದ ಬಲೆ ಎರಡು ಬೇಸಿಗೆಗೆ ನೂಲು ಬಿಟ್ಟು ಜೋತುಬೀಳುತ್ತದೆ. ಜೋತುಬಿದ್ದ ಬಲೆಗಿಂತ ಕೆಟ್ಟದ್ದು ಬೇರೆ ಇಲ್ಲ. ಹದ್ದು, ಗೂಬೆ, ಬಾವಲಿ ಎಲ್ಲವೂ ಸಿಕ್ಕಿಕೊಳ್ಳುವುದು ಸಡಿಲ ಬಲೆಯಲ್ಲೇ. ಬಿಗಿಯಾಗಿ ಕಟ್ಟಿದ ಬಲೆಯನ್ನು ಬೆರಳಿನಿಂದ ಮೀಟಿದರೆ ತಂಬೂರಿಯ ತಂತಿಯ ಹಾಗೆ ಅದುರಬೇಕು. ಕೆಲಸ ಮುಗಿದ ಮೇಲೆ ಹಾಗೆ ಮೀಟಿ ನೋಡಿ, ಆಮೇಲೆ ದುಡ್ಡು ಕೊಡಿ. ಅಂಚಿನಲ್ಲಿ ಕೊಕ್ಕೆಗಳು ಒಂದೊಂದು ಅಡಿಗೆ ಇರಲಿ, ತುಕ್ಕು ಹಿಡಿಯದ ಉಕ್ಕಿನವೇ ಆಗಲಿ. ಬಾಲ್ಕನಿಗೆ ಮಾತ್ರ ಕಟ್ಟಿ ಡಕ್ಟನ್ನು ಹಾಗೇ ಬಿಟ್ಟರೆ ಹಕ್ಕಿ ಬಾಲ್ಕನಿಯಿಂದ ಡಕ್ಟ್‌ಗೆ ಮನೆ ಬದಲಾಯಿಸುತ್ತದೆ, ಅಷ್ಟೇ. ಡಕ್ಟನ್ನು ತಾರಸಿಯ ಮೇಲೂ ಮುಚ್ಚಬೇಕು, ಕೆಳಗೂ ಮುಚ್ಚಬೇಕು. ಅದು ನಿವಾಸಿಗಳ ಸಂಘದವರು ಒಟ್ಟಾಗಿ ಮಾಡಿಸಬೇಕಾದ ಕೆಲಸ.

ಬಲೆ ಬೇಡವೆನ್ನುವವರಿಗೆ ಇನ್ನೊಂದು ದಾರಿ. ಕಿರಿದಾದ ಸಜ್ಜದ ಮೇಲೆ ಇಳಿಜಾರಾಗಿ ಹಲಗೆಯನ್ನೋ ಶೀಟನ್ನೋ ಕೂರಿಸಿ. 45 ಡಿಗ್ರಿಗಿಂತ ಕಡಿದಾಗಿದ್ದರೆ ಪಾರಿವಾಳಕ್ಕೆ ಕಾಲೂರಲು ಆಗುವುದಿಲ್ಲ.

ಮೊಟ್ಟೆ, ಮರಿ ಇದ್ದರೆ ನಾನು ದಿನ ಮುಂದಕ್ಕೆ ಹಾಕುತ್ತೇನೆ. ನನ್ನ ಮನೆಯಲ್ಲೂ ಮಕ್ಕಳಿದ್ದಾರೆ.

ಜೆ.ಪಿ. ನಗರ

ಕಿವಿಗೆ ಕೇಳದ ಶಬ್ದ ಹೊರಡಿಸಿ ಹಕ್ಕಿ ಓಡಿಸುವ ಯಂತ್ರ ಎಂದು ಆನ್‌ಲೈನಿನಲ್ಲಿ ಸಿಗುತ್ತದೆ, ಯಾರಾದರೂ ಬಳಸಿದ್ದೀರಾ?

ಹಕ್ಕಿ ನೋಡುವವಳು

ಹಣ ದಂಡ. ಮನುಷ್ಯರ ಕಿವಿಗೆ ಕೇಳದಷ್ಟು ಎತ್ತರದ ಧ್ವನಿ ಪಾರಿವಾಳಕ್ಕೂ ಕೇಳಿಸುವುದಿಲ್ಲ. ನೇತುಹಾಕಿದ ಸಿಡಿ, ಪ್ಲಾಸ್ಟಿಕ್ ಗೂಬೆ ಇವೂ ಅಷ್ಟೇ. ಒಂದು ವಾರ ಹೆದರುತ್ತವೆ, ಎರಡನೇ ವಾರ ಗೂಬೆಯ ತಲೆಯ ಮೇಲೆಯೇ ಕೂರುತ್ತವೆ. ಹಿಡಿದು ದೂರ ಬಿಟ್ಟು ಬರುವುದೂ ಬೇಡ. ನೂರಾರು ಕಿಲೋಮೀಟರ್ ದೂರದಿಂದ ಗೂಡಿಗೆ ಮರಳುವ ಹಕ್ಕಿ ಅದು. ಓಲೆ ಕಟ್ಟಿ ಕಳುಹಿಸುತ್ತಿದ್ದದ್ದು ಆ ಗುಣಕ್ಕಾಗಿಯೇ.

ಸರಸ್ವತಿಪುರಂ, ಮೈಸೂರು

ಸ್ವಚ್ಛ ಮಾಡುವ ಬಗ್ಗೆ ಯಾರೂ ಹೇಳಿಲ್ಲ. ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಒಣಗಿದ ಹಿಕ್ಕೆಯನ್ನು ಪೊರಕೆಯಲ್ಲಿ ಗುಡಿಸಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಆ ಧೂಳು ಮಂಜಿನ ಹಾಗೆ ಎದ್ದು ಕೋಣೆಯೊಳಗೆಲ್ಲ ತುಂಬಿತು. ಎರಡು ದಿನ ಗಂಟಲು ಕೆರೆತ. ಮೊದಲು ಸೋಪಿನ ನೀರು ಚಿಮುಕಿಸಿ ಅರ್ಧ ಗಂಟೆ ನೆನೆಯಲು ಬಿಡಬೇಕು. ಎನ್95 ಮಾಸ್ಕ್, ಕೈಗವಸು ಹಾಕಿಕೊಂಡು ಹಸಿಯಾಗಿರುವಾಗಲೇ ಕರಣೆಯಿಂದ ಎಬ್ಬಿಸಿ ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಕೊನೆಗೆ ಬ್ಲೀಚಿಂಗ್ ನೀರು. ಬ್ಲೀಚಿಂಗ್ ಜೊತೆ ಬಚ್ಚಲು ತೊಳೆಯುವ ಆ್ಯಸಿಡ್ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ಕೆಮ್ಮು ಇರುವವರು ಆ ದಿನ ಮನೆಯಲ್ಲೇ ಇರಬಾರದು.

ಹಳೆಯ ಗೂಡು ತೆಗೆದ ಮೇಲೆ ಅದರಲ್ಲಿದ್ದ ಸೂಜಿಮೊನೆಯಷ್ಟು ಸಣ್ಣ ನುಸಿಗಳು ಮನೆಯೊಳಗೆ ಹರಿದುಬಂದು ಕಚ್ಚುತ್ತವೆ. ಕಿಟಕಿ ಮುಚ್ಚಿಕೊಂಡು ಕೆಲಸ ಮಾಡಿ.

ನಮ್ಮ ಊರಿನಲ್ಲಿ ಅರಮನೆಯ ಮುಂದೆ ಪಾರಿವಾಳಕ್ಕೆ ಕಾಳು ಹಾಕುತ್ತಿದ್ದುದನ್ನು ಎಲ್ಲರೂ ನೋಡಿರುತ್ತೀರಿ. ಹಿಂಡು ಒಮ್ಮೆಲೇ ಏಳುವಾಗ ಮಕ್ಕಳು ಕೇಕೆ ಹಾಕುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಆ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಕಲ್ಲನ್ನೂ ಗಾರೆಯನ್ನೂ ಅದು ನಿಧಾನವಾಗಿ ತಿನ್ನುತ್ತದೆ. ಪಾರಂಪರಿಕ ಕಟ್ಟಡದ ಎದುರು ಇದು ನಡೆಯುತ್ತಿದ್ದದ್ದು ನನಗೆ ನಿಜಕ್ಕೂ ಸಂಕಟ ತರುತ್ತಿತ್ತು.

ಚಿಕ್ಕಪೇಟೆ

ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಹಕ್ಕಿಗೆ ಕಾಳು ಹಾಕಿದ ಮೇಲೆಯೇ ನಾವು ಉಣ್ಣುವುದು. ಇಲ್ಲಿ ಎಲ್ಲರೂ ಪಾರಿವಾಳವನ್ನು ರೋಗದ ಮೂಟೆ ಎಂಬಂತೆ ಮಾತನಾಡುತ್ತಿರುವುದು ನೋವು ತಂದಿದೆ. ಮುಂಬೈಯಲ್ಲಿ 2025ರ ಆಗಸ್ಟ್‌ನಲ್ಲಿ ದಾದರ್‌ನ ಕಬೂತರ್‌ಖಾನೆಗೆ (ಪಾರಿವಾಳಕ್ಕೆ ಕಾಳು ಹಾಕುವ ಜಾಗಕ್ಕೆ) ಟಾರ್ಪಾಲು ಹೊದಿಸಿ ಮುಚ್ಚಿದರು. ರೊಚ್ಚಿಗೆದ್ದ ಜನ ಅದನ್ನು ಕಿತ್ತೆಸೆದರು. ದಿನವೂ ಅಲ್ಲಿಗೇ ಬರುತ್ತಿದ್ದ ಹಕ್ಕಿಗಳು ಏನು ತಿನ್ನಬೇಕು ಎಂದು ಯಾರಾದರೂ ಯೋಚಿಸಿದರೇ? ಮನುಷ್ಯರು ಕಾಡು ಕಡಿದು, ಕೆರೆ ಮುಚ್ಚಿ ಕಟ್ಟಡ ಕಟ್ಟಿದ್ದೇವೆ. ಅವು ಎಲ್ಲಿಗೆ ಹೋಗಬೇಕು?

ಹಕ್ಕಿ ನೋಡುವವಳು

ಸರ್, ನಿಮ್ಮ ದಯೆಯನ್ನು ಪ್ರಶ್ನಿಸುತ್ತಿಲ್ಲ. ಆದರೆ ಪಾರಿವಾಳ ಕಾಡು ಕಳೆದುಕೊಂಡು ಬಂದ ಹಕ್ಕಿಯಲ್ಲ. ಅದು ಮೂಲತಃ ಬಂಡೆಯ ಸಂದಿಯಲ್ಲಿ ಗೂಡು ಕಟ್ಟುವ ಜೀವ. ಜೋಗದ ಕಡಿದಾದ ಕಲ್ಲುಗೋಡೆಯಲ್ಲಿ, ಬಾದಾಮಿಯ ಕೆಂಪು ಬಂಡೆಗಳಲ್ಲಿ ಅದರ ಸಹಜ ಬದುಕು ಹೇಗಿರುತ್ತದೆ ಎಂದು ನೋಡಬಹುದು. ನಮ್ಮ ಬಹುಮಹಡಿ ಕಟ್ಟಡಗಳು ಅದರ ಕಣ್ಣಿಗೆ ಸಾಲು ಸಾಲು ಬಂಡೆಗಳು, ಪ್ರತಿ ಸಜ್ಜವೂ ಒಂದು ಸಂದಿ. ಕಾಡು ಕಳೆದುಕೊಂಡವು ಬೇರೆಯೇ ಇವೆ, ಅವು ನಿಮ್ಮ ಬಾಲ್ಕನಿಗೆ ಬರುವುದಿಲ್ಲ.

ಬಾಸೆಲ್‌ನಿಂದ

ಚಿಕ್ಕಪೇಟೆಯವರ ಪ್ರಶ್ನೆಗೆ ನಾನು ಈಗಿರುವ ಊರು ಒಂದು ಉತ್ತರ ಕಂಡುಕೊಂಡಿದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಒಂದು ಕಾಲದಲ್ಲಿ ಸುಮಾರು 20,000 ಪಾರಿವಾಳಗಳಿದ್ದವು. 1961ರಿಂದ 1985ರವರೆಗೆ ಹಿಡಿದು, ಗುಂಡಿಕ್ಕಿ ಸುಮಾರು ಒಂದು ಲಕ್ಷ ಹಕ್ಕಿಗಳನ್ನು ಕೊಂದರು. ಸಂಖ್ಯೆ ಇಳಿಯಲೇ ಇಲ್ಲ. ಆಹಾರ ಇದ್ದಷ್ಟು ದಿನ ಸತ್ತವುಗಳ ಜಾಗಕ್ಕೆ ಹೊಸ ಮರಿಗಳು ಬರುತ್ತಲೇ ಇದ್ದವು. 1988ರಲ್ಲಿ ಬೇರೆ ದಾರಿ ಹಿಡಿದರು. ಕೊಲ್ಲುವುದರ ಮೇಲೆ ಭರವಸೆ ಇಡುವುದನ್ನು ಬಿಟ್ಟು, ಕಾಳು ಹಾಕುವುದರಿಂದ ಹಕ್ಕಿಗಳಿಗೇ ಆಗುವ ಕೇಡನ್ನು ಊರಿನ ಜನಕ್ಕೆ ತಿಳಿಸಿದರು. ಕಿಕ್ಕಿರಿದ ಗೂಡುಗಳಲ್ಲಿ ರೋಗ ಹಿಡಿದು, ಉಣ್ಣಿಯಂಥ ಪರೋಪಜೀವಿಗಳು ಮುತ್ತಿ ಸಾಯುವ ಮರಿಗಳ ಚಿತ್ರ ತೋರಿಸಿದರು. ಅದರ ಜೊತೆಗೆ ಕೆಲವೇ ಗೂಡುಗಳನ್ನು ಊರಿನವರೇ ಇಟ್ಟು ನೋಡಿಕೊಂಡರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಕಾಳು ನಿಂತರೆ ಹಕ್ಕಿ ಸಾಲುಗಟ್ಟಿ ಸಾಯುವುದಿಲ್ಲ, ಆಹಾರ ಹುಡುಕಲು ಹೆಚ್ಚು ಹೊತ್ತು ಅಲೆಯುತ್ತದೆ. ಹಾಗಾಗಿ ಮರಿ ಮಾಡುವುದು ಕಡಿಮೆಯಾಗುತ್ತದೆ. ಸಿಂಗಪುರದಲ್ಲಂತೂ ಪಾರಿವಾಳಕ್ಕೆ ಆಹಾರ ಹಾಕಿದವರಿಗೆ ಸಾವಿರಾರು ಡಾಲರ್ ದಂಡ. ನನಗೆ ದಂಡಕ್ಕಿಂತ ಬಾಸೆಲ್ ದಾರಿಯೇ ಮೇಲು ಅನ್ನಿಸುತ್ತದೆ.

ಚಿಕ್ಕಪೇಟೆ

ಒಂದು ಲಕ್ಷ ಕೊಂದರೂ ಕಡಿಮೆಯಾಗಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಹಾಕುವುದನ್ನು ನಿಲ್ಲಿಸುತ್ತೇನೆ ಎಂದು ಇಂದು ಹೇಳಲಾರೆ. ಆದರೆ ಪಕ್ಕದ ಮನೆಯಲ್ಲಿ ಉಸಿರಾಟದ ತೊಂದರೆ ಇರುವವರಿದ್ದಾರೆಯೇ ಎಂದು ನಾನು ಇದುವರೆಗೆ ವಿಚಾರಿಸಿಲ್ಲ. ನಾಳೆ ವಿಚಾರಿಸುತ್ತೇನೆ.

ಶಿರಾ ಸೀಮೆ

ನಿಮಗೆ ಪಾರಿವಾಳ, ನಮಗೆ ನವಿಲು. ಕಡಲೆಕಾಯಿ ಬಿತ್ತಿದ ಮರುದಿನ ಹಿಂಡು ಇಳಿದು ಸಾಲು ಹಿಡಿದು ಬೀಜ ಕೆದಕುತ್ತವೆ. ರಾಷ್ಟ್ರಪಕ್ಷಿ, ವನ್ಯಜೀವಿ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿದೆ, ಮುಟ್ಟುವಂತಿಲ್ಲ, ಮುಟ್ಟಬೇಕೆಂಬ ಮನಸ್ಸೂ ಇಲ್ಲ. ಬಿತ್ತಿದ ಮೇಲೆ ಹತ್ತು ದಿನ ಬೆಳಗಿನ ಜಾವ, ಸಂಜೆ ಹೊಲದಲ್ಲೇ ಇರುತ್ತೇವೆ. ಮೊಳಕೆ ಎದ್ದು ಎರಡು ಎಲೆಯಾದರೆ ಅಪಾಯ ಅರ್ಧ ಕಳೆಯಿತು. ಮನೆಯ ಹತ್ತಿರ ಇನ್ನೊಂದು ಕಾಟ. ಗಂಡು ನವಿಲು ಕಾರಿನ ಬಾಗಿಲಿನಲ್ಲಿ ತನ್ನದೇ ನೆರಳು ಕಂಡು ಇನ್ನೊಂದು ಗಂಡೆಂದು ಕಾಲಿನಿಂದ ಒದೆಯುತ್ತದೆ. ಹೊಸ ಕಾರಿನ ಬಣ್ಣವೆಲ್ಲ ಗೀರು. ಹಳೆಯ ಸೀರೆ ಹೊದಿಸಿದ ದಿನದಿಂದ ಬಂದಿಲ್ಲ.

ಕ್ಯಾನ್‌ಬೆರಾ ಕನ್ನಡತಿ

ಇಲ್ಲಿ ಆಸ್ಟ್ರೇಲಿಯಾದಲ್ಲಿ ಜನ ಶಪಿಸುವ ಹಕ್ಕಿ ನಮ್ಮ ಗೊರವಂಕ. ಹಾಸನದ ಕಡೆ ನಮ್ಮ ತಂದೆ ಗದ್ದೆ ಉಳುವಾಗ ಎತ್ತಿನ ಹಿಂದೆ ಹೆಜ್ಜೆ ಹಾಕುತ್ತಿದ್ದ ಅದೇ ಹಳದಿ ಕಾಲಿನ ಹಕ್ಕಿ. 1860ರ ದಶಕದಲ್ಲಿ ಹುಳ ತಿನ್ನಲಿ ಎಂದು ಮೆಲ್ಬರ್ನ್‌ಗೆ ತಂದು ಬಿಟ್ಟರು. ಈಗ ಅದು ಮರದ ಪೊಟರೆಗಳನ್ನು ಹಿಡಿದುಕೊಂಡು ಇಲ್ಲಿಯ ಗಿಳಿಗಳಿಗೆ ಮೊಟ್ಟೆ ಇಡಲು ಜಾಗವಿಲ್ಲದಂತೆ ಮಾಡಿದೆ. ನಮ್ಮ ನಗರದಲ್ಲಿ ಇದನ್ನು ಹಿಡಿಯಲೆಂದೇ 2006ರಿಂದ ನಿವಾಸಿಗಳ ಗುಂಪೊಂದಿದೆ. ಪಕ್ಕದ ಮನೆಯವರು ಬೋನಿಟ್ಟಿದ್ದನ್ನು ಮೊದಲ ಸಲ ಕಂಡಾಗ ನನಗೆ ಅಳು ಬಂದಿತ್ತು. ತಪ್ಪು ಹಕ್ಕಿಯದಲ್ಲ, ತಂದವರದು. ಆದರೂ ಸೂರಿನ ಸಂದಿಗಳನ್ನು ಮುಚ್ಚಿಸಿದೆ, ನಾಯಿಯ ತಟ್ಟೆಯನ್ನು ಹೊರಗಿಡುವುದನ್ನು ನಿಲ್ಲಿಸಿದೆ. ಹಿತ್ತಿಲಿಗೆ ಈಗ ಬಣ್ಣದ ಗಿಳಿಗಳು ಬರುತ್ತಿವೆ.

ಬಲೆ ಕೆಲಸ, ಪೀಣ್ಯ

ಮರೆತಿದ್ದೆ. ಯಾರದಾದರೂ ಬಲೆಯಲ್ಲಿ ಹದ್ದು ಸಿಕ್ಕಿಕೊಂಡರೆ ಎಳೆಯಬೇಡಿ, ರೆಕ್ಕೆ ಮುರಿಯುತ್ತದೆ. ಮೊದಲು ದಪ್ಪ ಟವೆಲ್‌ನಿಂದ ತಲೆ ಮುಚ್ಚಿ, ಸುತ್ತಲಿನ ಬಲೆಯನ್ನು ಕತ್ತರಿಸಿ, ಹಕ್ಕಿಯ ಸಮೇತ ರಟ್ಟಿನ ಪೆಟ್ಟಿಗೆಗೆ ಹಾಕಿ, ಗಾಳಿಗೆ ತೂತು ಮಾಡಿ. ಬಾಯಿಗೆ ನೀರು ಹೊಯ್ಯಬೇಡಿ. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ. ಬಲೆ ಹರಿದ ನಷ್ಟವನ್ನು ನನ್ನಂಥವರು ಅರ್ಧ ಗಂಟೆಯಲ್ಲಿ ಸರಿಮಾಡಿಕೊಡುತ್ತೇವೆ.

ಏಳನೇ ಮಹಡಿ

ಏಳು ವಾರದ ನಂತರ ಬರೆಯುತ್ತಿದ್ದೇನೆ.

ವೈದ್ಯೆಯವರ ಮಾತು ಓದಿದ ರಾತ್ರಿಯೇ ಅತ್ತೆಯವರನ್ನು ಅರಸೀಕೆರೆಗೆ, ನಾದಿನಿಯ ಮನೆಗೆ ಕಳುಹಿಸಿದೆವು. ಕೋಣೆಯ ಕಿಟಕಿಗೆ ಒಳಗಿನಿಂದ ಟೇಪ್ ಹಚ್ಚಿದೆ. ಹತ್ತನೇ ದಿನಕ್ಕೆ ಮರಿ ಒಡೆದವು. ಮೈತುಂಬ ಹಳದಿ ಕೂದಲಿನಂಥ ತುಪ್ಪಟ, ಮುಖಕ್ಕಿಂತ ದೊಡ್ಡ ಕೊಕ್ಕು. ಒಂದು ನಾಲ್ಕನೇ ದಿನ ಸತ್ತಿತು. ಇನ್ನೊಂದು ಬೆಳೆದು ಹೋದ ಮಂಗಳವಾರ ಹಾರಿತು. ಬುಧವಾರ ಬೆಳಿಗ್ಗೆ ಸೋಪಿನ ನೀರು ಹಾಕಿ ನೆನೆಸಿ ಹಿಕ್ಕೆ ತೆಗೆಸಿದೆವು, ನಾಲ್ಕು ಚೀಲ ಆಯಿತು. ಮಧ್ಯಾಹ್ನ ಬಲೆ. ಮೀಟಿ ನೋಡಿಯೇ ದುಡ್ಡು ಕೊಟ್ಟೆ. ಡಕ್ಟ್ ಮುಚ್ಚಲು ಸಂಘ ಒಪ್ಪಿದೆ, ಕೆಲಸ ಇನ್ನೂ ಆಗಬೇಕು.

ಮೇಲಿನ ಮನೆಯ ಹಿರಿಯರ ಬಳಿ ಸಂಘದ ಪತ್ರ ಹಿಡಿದು ಹೋಗಲಿಲ್ಲ. ಅರಸೀಕೆರೆಗೆ ಹೊರಡುವ ಮುನ್ನ ಅತ್ತೆಯವರೇ ಲಿಫ್ಟ್‌ನಲ್ಲಿ ಮೇಲೆ ಹೋಗಿ ಅವರ ಎದುರು ಕೂತರು. ಎರಡು ವಾಕ್ಯ ಮಾತನಾಡುವಷ್ಟರಲ್ಲಿ ಮೂರು ಸಲ ಕೆಮ್ಮಿದರು. ಅವರು ಏನೂ ಹೇಳದೆ ಎದ್ದು ಹೋಗಿ ನೀರು ತಂದುಕೊಟ್ಟರು. ಮರುದಿನದಿಂದ ಜೋಳ ಬೀಳಲಿಲ್ಲ. ಹಿಂಡು ಇನ್ನೂ ಎರಡು ವಾರ ದಿನವೂ ಅದೇ ಹೊತ್ತಿಗೆ ಬಂದು ಕಂಬಿಯ ಮೇಲೆ ಕಾಯುತ್ತಿತ್ತು. ಅವರೂ ಕುರ್ಚಿ ಹಾಕಿಕೊಂಡು ಅವುಗಳನ್ನೇ ನೋಡುತ್ತ ಕೂತಿರುತ್ತಿದ್ದರು. ಈಗ ಬೆಳಗಿನ ಹೊತ್ತು ಕೆಳಗಿನ ತೋಟದಲ್ಲಿ ಗಿಡಗಳಿಗೆ ನೀರು ಹಾಯಿಸುತ್ತಾರೆ, ನನ್ನ ಮಗ ಜೊತೆಗೆ ಹೋಗುತ್ತಾನೆ.

ಅತ್ತೆಯವರು ನಿನ್ನೆ ಮರಳಿದರು. ಕೆಮ್ಮು ಪೂರ್ತಿ ನಿಂತಿಲ್ಲ, ಆದರೆ ರಾತ್ರಿ ಮಲಗಲು ಆಗುತ್ತಿದೆ, ಮುಂದಿನ ತಿಂಗಳು ಮತ್ತೆ ಪರೀಕ್ಷೆ ಇದೆ. ಸಂಜೆ ಹಿರಿಯರು ಅವರನ್ನು ನೋಡಲು ಬಂದು ಉಳಿದಿದ್ದ ಅರ್ಧ ಮೂಟೆ ಜೋಳವನ್ನು ನಮ್ಮ ಅಡುಗೆಮನೆಯಲ್ಲಿ ಇಳಿಸಿದರು. ವಿಜಯಪುರದ ಬಿಳಿಜೋಳ, ತಮ್ಮ ರೊಟ್ಟಿಗೆಂದು ತರಿಸುತ್ತಿದ್ದದ್ದನ್ನೇ ಅವರು ಹಕ್ಕಿಗೂ ಹಾಕುತ್ತಿದ್ದರು.